ಗಾಂಧಿ ಕ್ಲಾಸ್‌ನಿಂದ: ಬೆಳಕಿಗೆ ಮುಂಚೆ ಕತ್ತಲೆ ಕೊಳ್ಳಿ!

ಗೆಳೆಯರೇ, ನಮ್ಮ ಗಾಂಧಿ ಕ್ಲಾಸಿನ ಬೆಂಚುಗಳು ಒಂದೊಂದಾಗಿ ಮಾಯವಾಗುತ್ತಿರುವುದು ನಿಮಗೆ ಹೊಸ ಸುದ್ದಿಯೇನಲ್ಲ. 2017ರಲ್ಲಿ ಕಪಾಲಿಯಂಥ ಕಪಾಲಿಯೇ ಬಾಗಿಲು ಹಾಕಿತು. ಅದಕ್ಕೇ ಇರಬೇಕು, ಈಚೆಗೆ ನನಗೆ ಬರುವ ಕಾಗದಗಳಲ್ಲಿ "ಆ ಹೀರೋಯಿನ್ ಮದುವೆ ಯಾವಾಗ?" ಅನ್ನುವವರಿಗಿಂತ "ಮನೆಗೆ ಪ್ರೊಜೆಕ್ಟರ್ ಯಾವುದು ತಗೊಳ್ಳಲಿ?" ಅನ್ನುವವರೇ ಜಾಸ್ತಿ. ಅರಸೀಕೆರೆ ಕಡೆಯ ಗ್ಯಾರೇಜ್ ಹುಡುಗನೊಬ್ಬ ಬರೆದಿದ್ದಾನೆ. ಚೀಟಿ ಎತ್ತಿದ ದುಡ್ಡು 18,000 ರೂಪಾಯಿ ಇದೆಯಂತೆ. ಅಪ್ಪನಿಗೆ ಮಂಡಿನೋವು, ಟಾಕೀಸಿನ ಮೆಟ್ಟಿಲು ಹತ್ತಲಾರರು. 1954ರ 'ಬೇಡರ ಕಣ್ಣಪ್ಪ'ನನ್ನು ಅವರಿಗೆ ಇನ್ನೊಂದ್ಸಲ ದೊಡ್ಡದಾಗಿ ತೋರಿಸಬೇಕಂತೆ. "12,000 ಲುಮೆನ್, 4ಕೆ ಸಪೋರ್ಟ್ ಅಂತ ಹಾಕಿರೋ ಒಂದು ಮಾಲು ನೋಡಿದೀನಿ. ಕಣ್ಮುಚ್ಚಿ ತಗೊಂಬಿಡ್ಲಾ ಅಣ್ಣಾ?"

ಬೇಡ ತಮ್ಮಾ. ಕಣ್ಣು ಬಿಟ್ಕೊಂಡು ತಗೋ.

ಮೊದಲು ಈ ಲುಮೆನ್ನಿನ ಪವಾಡ ಕೇಳಿ. ತೆರೆಯನ್ನು ಒಂಬತ್ತು ಭಾಗ ಮಾಡಿ, ಒಂದೊಂದರ ಮೇಲೂ ನಿಜವಾಗಿ ಬೀಳುವ ಬೆಳಕನ್ನು ಅಳೆದು, ಸರಾಸರಿ ತೆಗೆದು ಹೇಳುವುದು ಆನ್ಸಿ ಲುಮೆನ್. ಡಬ್ಬದ ಮೇಲೆ ಸಾವಿರಗಟ್ಟಲೆ ಅಚ್ಚು ಹಾಕುವವರು ಈ ಲೆಕ್ಕ ಹೇಳುವುದಿಲ್ಲ. ಒಳಗಿನ ಬಲ್ಬಿನ ಬೆಳಕನ್ನೋ, ಬಾಯಿಗೆ ಬಂದ ಅಂಕಿಯನ್ನೋ ಹಾಕಿರುತ್ತಾರೆ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ನಾನು "ಇದು ಆನ್ಸಿಯಲ್ಲಿ ಎಷ್ಟು?" ಅಂದೆ. ಪುಣ್ಯಾತ್ಮ ಡಬ್ಬವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, "ಅದೆಲ್ಲ ಹಳೇ ಲೆಕ್ಕ ಸಾರ್" ಅಂದುಬಿಟ್ಟ! ಆನ್ಸಿ ಎಷ್ಟು ಅಂತ ಬರೆದಿಲ್ಲದ ಮಾಲನ್ನು ಮುಟ್ಟಬೇಡಿ.

ಹಾಗಾದರೆ ಎಷ್ಟು ಬೆಳಕು ಬೇಕು? ಇಲ್ಲಿದೆ ನೋಡಿ ಮಜಾ. ಡಿಜಿಟಲ್ ಚಿತ್ರಮಂದಿರದ ತೆರೆಗೆ ಒಪ್ಪಿರುವ ಅಳತೆ 14 ಫುಟ್-ಲ್ಯಾಂಬರ್ಟ್. ಸಾದಾ ಬಿಳಿ ತೆರೆಯ ಒಂದೊಂದು ಚದರ ಅಡಿಗೆ 14 ಲುಮೆನ್ ಅಂತ ಲೆಕ್ಕ ಹಾಕಿಕೊಳ್ಳಿ. 80 ಅಂಗುಲದ ಚಿತ್ರ ಅಂದರೆ ಅಗಲ 5 ಅಡಿ 10 ಅಂಗುಲ, ಎತ್ತರ 3 ಅಡಿ 3 ಅಂಗುಲ, ಒಟ್ಟು 19 ಚದರ ಅಡಿ. ಗುಣಿಸಿದರೆ 266 ಲುಮೆನ್. 100 ಅಂಗುಲಕ್ಕೂ ಸುಮಾರು 420 ಸಾಕು. 12,000 ಎಲ್ಲಿ, 266 ಎಲ್ಲಿ!

ಆದರೆ ಒಂದು ಷರತ್ತು. ಟಾಕೀಸಿನಲ್ಲಿ ಬಾಗಿಲು ಮುಚ್ಚಿ ಪರದೆ ಎಳೆಯುತ್ತಾರಲ್ಲ, ಆ ಕತ್ತಲೆ ನಿಮ್ಮ ಕೋಣೆಯಲ್ಲೂ ಇರಬೇಕು. ಪ್ರೊಜೆಕ್ಟರಿಗೆ ಬೆಳಕು ಎಸೆಯಲು ಬರುತ್ತದೆ, ಕಪ್ಪು ಎಸೆಯಲು ಬರುವುದಿಲ್ಲ. ಚಿತ್ರದಲ್ಲಿ ಕಪ್ಪಗೆ ಕಾಣುವ ಜಾಗ ಅಂದರೆ ಬೆಳಕು ಬೀಳದ ನಿಮ್ಮ ಗೋಡೆ, ಅಷ್ಟೇ. ಟ್ಯೂಬ್‌ಲೈಟ್ ಹಾಕಿಟ್ಟರೆ ಆ ಕಪ್ಪೆಲ್ಲ ಬೂದಿ ಬಣ್ಣ. ಅದರಲ್ಲೂ ಕಪ್ಪು-ಬಿಳುಪಿನ ಕಣ್ಣಪ್ಪನಿಗೆ ಇರುವ ಬಂಡವಾಳವೇ ಆ ಕಪ್ಪು! ಆದ್ದರಿಂದ ದುಡ್ಡಿನ ಮೊದಲ ಪಾಲು ಕಿಟಕಿಯ ದಪ್ಪ ಕರಿ ಪರದೆಗೆ. ಎರಡನೆಯದು ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣಕ್ಕೆ. ಸಾವಿರಾರು ರೂಪಾಯಿಯ ಸ್ಕ್ರೀನು ಆಮೇಲೆ ನೋಡೋಣ. ತೆರೆಯ ಪಕ್ಕದ ಗೋಡೆಗಳಿಗೆ ಗಾಢ ಬಣ್ಣದ ಬೆಡ್‌ಶೀಟ್ ಇಳಿಬಿಟ್ಟರೆ ಇನ್ನೂ ವಾಸಿ. ಬೆಳ್ಳನೆ ಗೋಡೆಗೆ ಬಡಿದ ಬೆಳಕು ವಾಪಸ್ ತೆರೆಗೇ ಬಂದು ಚಿತ್ರ ಕೆಡಿಸುತ್ತದೆ.

ಇನ್ನು '4ಕೆ ಸಪೋರ್ಟ್'. ಸಪೋರ್ಟ್ ಅಂದರೆ ಒಳಗೆ ಬಿಟ್ಟುಕೊಳ್ಳುತ್ತೆ ಅಂತ, ತೋರಿಸುತ್ತೆ ಅಂತಲ್ಲ. 'ನೇಟಿವ್' ರೆಸಲ್ಯೂಷನ್ ಎಷ್ಟು ಅಂತ ಕೇಳಿ. 1920 x 1080 ಇರಲಿ. 1280 x 720 ಅಂದರೆ ಕೈಮುಗಿದು ಬನ್ನಿ. ಒಳಗಿನ ಆಂಡ್ರಾಯ್ಡಿನಲ್ಲಿ ನೆಟ್‌ಫ್ಲಿಕ್ಸ್ ನೆಟ್ಟಗೆ ಓಡದ ಮಾಲುಗಳೂ ಉಂಟು. ಓಡಿಸಿ ತೋರಿಸು ಅನ್ನಿ, ಇಲ್ಲವೇ ಟೀವಿ ಸ್ಟಿಕ್ಕಿಗೆ ಬೇರೆ ದುಡ್ಡು ಎತ್ತಿಡಿ. ಅರವತ್ತು, ಎಪ್ಪತ್ತು ಸಾವಿರ ಸುರಿಯುವ ಸಾಹುಕಾರರಿಗೆ ಒಂದೇ ಮಾತು: ಡಿಎಲ್‌ಪಿ ಜಾತಿಯ ಕೆಲವು ಪ್ರೊಜೆಕ್ಟರುಗಳಲ್ಲಿ ಕೆಲವರ ಕಣ್ಣಿಗೆ ಕಾಮನಬಿಲ್ಲು ಮಿಂಚಿದಂತಾಗುತ್ತದೆ. ಹತ್ತು ನಿಮಿಷ ಕೂತು ನೋಡದೆ ದುಡ್ಡು ಕೊಡಬೇಡಿ.

ಮಾಲು ಮನೆಗೆ ಬಂತು. ಎಲ್ಲಿಡಬೇಕು? ಡಬ್ಬದಲ್ಲಿ 'ಥ್ರೋ ರೇಶಿಯೋ' ಅಂತ ಇರುತ್ತದೆ. ಅದು 1.3 ಆಗಿದ್ದರೆ ಚಿತ್ರದ ಅಗಲವನ್ನು 1.3ರಿಂದ ಗುಣಿಸಿ. ನಮ್ಮ 80 ಅಂಗುಲಕ್ಕೆ ಗೋಡೆಯಿಂದ ಏಳೂವರೆ ಅಡಿ. ಹತ್ತಡಿ ಕೋಣೆಯಲ್ಲಿ ಸಲೀಸು. ಮೂತಿ ಗೋಡೆಗೆ ನೇರವಾಗಿರಲಿ. ಕೆಳಗಿಟ್ಟು ಮೇಲಕ್ಕೆ ಓರೆ ಮಾಡಿದರೆ ಚಿತ್ರ ಬಕೆಟ್ಟಿನ ಆಕಾರಕ್ಕೆ ತಿರುಗುತ್ತದೆ. ಅದನ್ನು ತಿದ್ದಲು ಕೀಸ್ಟೋನ್ ಗುಂಡಿ ಇದೆ ನಿಜ, ಆದರೆ ನೀವು ದುಡ್ಡು ಕೊಟ್ಟ ಚುಕ್ಕಿಗಳನ್ನೇ ಕತ್ತರಿಸಿ ತಿದ್ದುತ್ತದೆ ಅದು! ಸ್ಟೂಲನ್ನೇ ಸರಿಸಿ. ಸೂರಿಗೆ ತಲೆಕೆಳಗಾಗಿ ನೇತು ಹಾಕುವವರು ಮೆನುವಿನಲ್ಲಿ ಚಿತ್ರ ತಿರುಗಿಸಿಕೊಳ್ಳಬಹುದು. ಆದರೆ ಮೊದಲು ಫ್ಯಾನ್ ಎಲ್ಲಿದೆ ನೋಡಿ ಮಾರಾಯ್ರೇ! ಬೆಳಕಿನ ದಾರಿಗೆ ರೆಕ್ಕೆ ಅಡ್ಡ ಬಂದರೆ ಕ್ಲೈಮ್ಯಾಕ್ಸಿನ ತುಂಬ ಬರೀ ಮಿಣುಕು.

ಕಣ್ಣಪ್ಪನ ಕಾಲದ ಚಿತ್ರಗಳ ಆಕಾರ ಚೌಕಕ್ಕೆ ಹತ್ತಿರ. ಎಡಬಲಗಳಲ್ಲಿ ಕಪ್ಪು ಪಟ್ಟಿ ಬಂದೇ ಬರುತ್ತದೆ. ಗೋಡೆ ತುಂಬಲಿ ಅಂತ ಎಳೆದಿರೋ, ಅಣ್ಣಾವ್ರ ಮುಖ ಚಪಾತಿ! ಪಟ್ಟಿ ಇದ್ದರೆ ಇರಲಿ. 'ಡೈನಾಮಿಕ್' ಮೋಡ್ ತೆಗೆದು 'ಸಿನಿಮಾ' ಹಾಕಿ.

ಒಳಗಿನ ಸ್ಪೀಕರು ತಗಡು. ಸದ್ದು ತೆರೆಯ ಕಡೆಯಿಂದ ಬರಬೇಕು, ಬೆನ್ನ ಹಿಂದಿನಿಂದಲ್ಲ. ಮನೆಯಲ್ಲಿರುವ ಹಳೇ ಸ್ಪೀಕರನ್ನೇ ತೆರೆಯ ಕೆಳಗಿಟ್ಟು ವೈರಿನಲ್ಲೇ ಜೋಡಿಸಿ. ಬ್ಲೂಟೂತಿನಲ್ಲಿ ತುಟಿ ಮೊದಲು, ಮಾತು ಆಮೇಲೆ ಆಗುವುದುಂಟು. ಸೆಕೆಂಡ್ ಹ್ಯಾಂಡ್ ಲ್ಯಾಂಪ್ ಪ್ರೊಜೆಕ್ಟರ್ ಸಿಕ್ಕಿದವರು ಚಿಕ್ಕದೊಂದು ಯುಪಿಎಸ್ ಇಟ್ಟುಕೊಳ್ಳಿ. ಕಾದ ಲ್ಯಾಂಪಿಗೆ ತಟ್ಟನೆ ಕರೆಂಟ್ ಹೋದರೆ ಅದರ ಆಯಸ್ಸು ಸವೆಯುತ್ತದೆ.

ಅರಸೀಕೆರೆ ತಮ್ಮಾ, ಆನ್ಸಿ 300ರ ಮೇಲಿರೋ, ನೇಟಿವ್ 1080ರ ಎಲ್‌ಇಡಿ ಮಾಲು ನಿನ್ನ ದುಡ್ಡೊಳಗೆ ಸಿಗುತ್ತೆ, ಪರದೆಗೂ ಬಣ್ಣಕ್ಕೂ ಮಿಗುತ್ತೆ. ಟಿಕೆಟ್ ಇಟ್ಟು ಬೀದಿಯವರಿಗೆ ತೋರಿಸೋ ಆಲೋಚನೆ ಮಾತ್ರ ಬೇಡ, ಅದಕ್ಕೆ ಹಕ್ಕುದಾರರ ಅನುಮತಿ, ಲೈಸೆನ್ಸು ಎಲ್ಲ ಬೇಕು. ಅಪ್ಪನ ಕುರ್ಚಿ ಗೋಡೆಯಿಂದ ಎಂಟಡಿ ದೂರ ಹಾಕು, ಬೆಳಕಿನ ದಾರಿಗೆ ತಲೆ ಅಡ್ಡ ಬರದಂತೆ. ನಿನಗೆ ಗಾಂಧಿ ಕ್ಲಾಸೇ ಬೇಕಿದ್ದರೆ ಆರಡಿಗೆ ಚಾಪೆ ಹಾಸ್ಕೋ.