ಹಳೆಯ ಚಿತ್ರ, ಹೊಸ ಚಿತ್ರ ಮತ್ತು ನಮ್ಮ ಕಿವಿ

“ಹಿಂದಿನ ಚಿತ್ರಗಳ ಸೊಗಸು ಈಗಿನವುಗಳಲ್ಲಿ ಎಲ್ಲಿದೆ?” ಎಂದು ಮನೆಯ ಹಿರಿಯರು ಕೇಳುವುದೂ, “ಅವನ್ನು ಕೊನೆಯವರೆಗೆ ನೋಡಬೇಕಾದರೆ ಋಷಿಗಳ ತಾಳ್ಮೆ ಬೇಕು” ಎಂದು ಕಿರಿಯರು ಉತ್ತರಿಸುವುದೂ ವಾಚಕರಿಗೆ ಹೊಸತಲ್ಲ. ನೀತಿ, ಸಂಗೀತ, ಉಡುಪು ಇವುಗಳ ವಿಷಯದಲ್ಲಿ ಈ ಜಗಳ ತೀರುವಂಥದಲ್ಲ. ಅದನ್ನು ಊಟದ ಮನೆಗೇ ಬಿಡೋಣ. ಇಲ್ಲಿ ಎತ್ತಿಕೊಳ್ಳಬೇಕೆಂದಿರುವುದು ಒಂದೇ ಸಂಗತಿ: ಪಾತ್ರಗಳು ಆಡುವ ಮಾತು.

ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನ’. ನಿರ್ದೇಶಕರು ವೈ. ವಿ. ರಾವ್, ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಚಿತ್ರೀಕರಣ ನಡೆದದ್ದು ದೂರದ ಕೊಲ್ಲಾಪುರದಲ್ಲಿ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು. ಇಬ್ಬರೂ ನಾಟಕದ ಕಂಪೆನಿಗಳಲ್ಲಿ ಪಳಗಿದವರು. ಧ್ವನಿವರ್ಧಕದ ಹಂಗಿಲ್ಲದೆ ಕೊನೆಯ ಸಾಲಿನವನಿಗೂ ಕೇಳುವಂತೆ ನುಡಿಯಬೇಕಾಗಿದ್ದ ಅಂಥ ನಟರಿಗೆ ಶುದ್ಧವಾದ ಉಚ್ಚಾರವೆಂಬುದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಹಿನ್ನೆಲೆ ಗಾಯನದ ಪದ್ಧತಿ ಆಗಿನ್ನೂ ಬಂದಿರಲಿಲ್ಲವಾಗಿ, ನಟಿಸುವವನೇ ಹಾಡಲೂ ಬೇಕು. ಇಪ್ಪತ್ತು ವರ್ಷಗಳ ತರುವಾಯ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗಿ ಬಂದ ರಾಜಕುಮಾರರೂ ರಂಗಭೂಮಿಯ ಕೂಸೇ. ಅವರ ಬಾಯಲ್ಲಿ ಮಹಾಪ್ರಾಣಗಳು ಸೊರಗಿದ್ದನ್ನು ಕೇಳಿದವರಿಲ್ಲ!

ಆದರೆ ಈ ಗುಣಕ್ಕೆ ಅಂಟಿಕೊಂಡೇ ಒಂದು ದೋಷವೂ ಇತ್ತು. ಪೌರಾಣಿಕ ಚಿತ್ರಗಳಲ್ಲಿ ಅರಸನೂ ಋಷಿಯೂ ಕಾವಲುಗಾರನೂ ಬಹುಮಟ್ಟಿಗೆ ಒಂದೇ ಗ್ರಾಂಥಿಕ ಕನ್ನಡವನ್ನಾಡುತ್ತಿದ್ದರು. ಊರ ಮಾತಿಗೆ ಅಲ್ಲಿ ಪ್ರವೇಶ ದೊರೆತರೆ ಅದು ಹೆಚ್ಚಾಗಿ ನಗಿಸುವುದಕ್ಕೆ. ಈ ಗೋಡೆಯನ್ನು ಹೊಸಬರು ಒಡೆದಿದ್ದಾರೆ. 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದ ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೋಡಿ. ನಟನೆಯ ಕಸುಬಿಲ್ಲದ ಮಂಡ್ಯ ಸೀಮೆಯ ಹಳ್ಳಿಗರು ತಮ್ಮ ಜಗಲಿಯ ಮೇಲೆ ಆಡುವ ಮಾತನ್ನೇ ಅಲ್ಲಿ ಆಡಿದ್ದಾರೆ. ನೂರೊಂದು ವರ್ಷದ ಮುದುಕನೊಬ್ಬನ ಸಾವು, ಹನ್ನೊಂದನೆಯ ದಿನದ ಊಟ, ಜಮೀನಿನ ಆಸೆಗೆ ಬಿದ್ದ ಮೊಮ್ಮಗನ ಪಡಿಪಾಟಲು, ಇಷ್ಟೇ ಕಥೆ. ಬೈಗುಳವೂ ಅಲ್ಲಿ ಸಹಜವಾಗಿ ಬರುತ್ತದೆ, ದುಃಖವೂ ಸಹಜವಾಗಿ ಬರುತ್ತದೆ. ಹಳೆಯ ಸ್ಟುಡಿಯೋಗಳಲ್ಲಿ ಇಂಥ ಮಾತನ್ನು ಕಾಗದದ ಮೇಲೆ ಬರೆಯುವುದಕ್ಕೂ ಯಾರಿಗೂ ಧೈರ್ಯ ಬರುತ್ತಿರಲಿಲ್ಲವೆಂದು ನನ್ನೆಣಿಕೆ.

ಅಂಥವು ವಿರಳ. ಜನ ಮುಗಿಬೀಳುವ ಇಂದಿನ ಸಾಹಸಚಿತ್ರಗಳಲ್ಲಿ ನಾಯಕ ಬಾಯಿ ತೆರೆಯುವ ಮುನ್ನವೇ ನಗಾರಿಗಳು ಮೊಳಗತೊಡಗುತ್ತವೆ. ಮಾತು ಆ ಸದ್ದಿನಡಿಯಲ್ಲಿ ಎಲ್ಲಿಯೋ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಕನ್ನಡ ಚಿತ್ರವನ್ನು ಹಾಕಿಕೊಂಡು, ಕೆಳಗೆ ಹರಿಯುವ ಇಂಗ್ಲಿಷ್ ಅಕ್ಷರಗಳನ್ನೋದಿ ಅರ್ಥ ಹಿಡಿಯುವ ಕನ್ನಡ ಕುಟುಂಬಗಳೂ ಉಂಟಂತೆ.

ಹಳತಿಗೆ ಹೊಸ ಉಡುಗೆ ತೊಡಿಸುವ ಯತ್ನವೂ ನಡೆದಿದೆ. 1965ರ ಕಪ್ಪುಬಿಳುಪಿನ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂತು. ಸ್ಮಶಾನದ ಕತ್ತಲೆಗೆ ಬಣ್ಣ ಬೇಕಿತ್ತೇ ಎಂಬುದು ಬೇರೆ ಪ್ರಶ್ನೆ. ಪ್ರತಿ ಉಳಿದಿತ್ತು, ಆದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ‘ಸತಿ ಸುಲೋಚನ’ಕ್ಕೆ ಆ ಭಾಗ್ಯವಿಲ್ಲ. ಅದರ ಪ್ರತಿ ಇಂದು ದೊರೆಯುವುದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ, ಆ ಚಿತ್ರ ಬಂದು ಮೂವತ್ತು ವರ್ಷಗಳಾದ ಮೇಲೆ. ಹಳತೇ ಮೇಲೆನ್ನುವ ಹಿರಿಯರಾಗಲಿ, ಅಲ್ಲವೆನ್ನುವ ಮೊಮ್ಮಕ್ಕಳಾಗಲಿ, ನಾಗೇಂದ್ರರಾಯರ ಆ ರಾವಣನ ದನಿಯನ್ನು ಇನ್ನು ಕೇಳುವಂತಿಲ್ಲ.

ನಿಮ್ಮ ಬಂಧುಬಳಗದಲ್ಲಿ ಯಾರದಾದರೂ ಅಟ್ಟದ ಮೇಲೆ ಹಳೆಯ ಚಿತ್ರಸುರುಳಿಯ ಡಬ್ಬಿಗಳು ಬಿದ್ದಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಪುಣೆಗೊಂದು ಕಾಗದ ಬರೆಯಲು ದಯವಿಟ್ಟು ಹೇಳಿ.