ಧ್ವಜದ ಅಂಗಿಯೂ ಶಾಲೆಯ ಅಂಜಿಕೆಯೂ

2010ರ ಮೇ 5ರಂದು ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ ಊರಿನ ಲೈವ್ ಓಕ್ ಹೈಸ್ಕೂಲಿಗೆ ಕೆಲವು ಹುಡುಗರು ಅಮೆರಿಕದ ಧ್ವಜದ ಅಂಗಿ ತೊಟ್ಟು ಬಂದರು. ಅಂದು ಮೆಕ್ಸಿಕೊ ಮೂಲದವರ ಹಬ್ಬ, ಸಿಂಕೊ ದೆ ಮಾಯೊ. ಹಿಂದಿನ ವರ್ಷ ಅದೇ ದಿನ ಎರಡು ಗುಂಪುಗಳಿಗೆ ಜಟಾಪಟಿಯಾಗಿತ್ತು. ಅಂಗಿಯನ್ನು ತಿರುವಿ ತೊಡಿ, ಇಲ್ಲವೇ ಮನೆಗೆ ನಡೆಯಿರಿ ಎಂದರು ಶಾಲೆಯವರು. ಧ್ವಜದ ಚಿತ್ರ ಅಷ್ಟಾಗಿ ಎದ್ದು ಕಾಣದ ಇಬ್ಬರನ್ನು ಮಾತ್ರ ತರಗತಿಗೆ ಬಿಟ್ಟರು. ದೇಶಾಭಿಮಾನಕ್ಕೂ ಅಳತೆಪಟ್ಟಿ! 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪಕ್ಷ ವಹಿಸಿತು. 2015ರಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ನಾವಿದನ್ನು ಒಪ್ಪಲಾರೆವು. ಹುಡುಗರು ಕೆಣಕಲೆಂದೇ ತೊಟ್ಟಿರಬಹುದು, ಇರಲಿ. ಕೈಯೆತ್ತಬಹುದಾದವನನ್ನು ಬಿಟ್ಟು, ಏಟು ತಿನ್ನಬಹುದಾದವನ ಅಂಗಿಗೆ ಕೈಹಾಕುವುದು ಯಾವ ಸೀಮೆಯ ಶಿಸ್ತು? ಅಂದು ಬೇಕಾಗಿದ್ದುದು ಅಂಗಳದಲ್ಲಿ ನಾಲ್ಕು ಮಂದಿ ಉಪಾಧ್ಯಾಯರ ಕಾವಲು.

ವಲಸೆ ಬಂದವರ ಮನಸ್ಸು ಕಾಯ್ದರಲ್ಲ ಎಂದು ನಮ್ಮಲ್ಲಿ ಕೆಲವರು ಸಂತೋಷಪಟ್ಟಾರು. ಅವರಿಗೊಂದು ಪ್ರಶ್ನೆ: ನವೆಂಬರ್ 1ರಂದು ನಮ್ಮ ಮಗು ಎದೆಗೆ ಹಳದಿ-ಕೆಂಪು ಬ್ಯಾಜು ಸಿಕ್ಕಿಸಿಕೊಂಡು ಈ ಪರಊರಿನ ಶಾಲೆಗೆ ಹೋದಾಗ, "ಗಲಾಟೆಯಾದೀತು, ತೆಗೆದುಬಿಡು" ಎಂದು ಹೆಡ್‌ಮಾಸ್ತರರು ಹೇಳಿದರೆ, ಯಾವ ಬಾಯಿಂದ ನಾವು ಬೇಡವೆನ್ನೋಣ?