ಶಾಲೆಯ ಕೈದೋಟ: ವಿದ್ಯೆಯೋ, ಬಿಟ್ಟಿಯೋ?

ನಮ್ಮ ನಾಡಿನಲ್ಲಿ ಮುಂಗಾರು ಮಳೆಯೂ ಶಾಲೆಯ ಹೊಸ ವರ್ಷವೂ ಒಂದೇ ಕಾಲಕ್ಕೆ ಕಾಲಿಡುವವು. ಆಗ ಅನೇಕ ಹಳ್ಳಿಯ ಶಾಲೆಗಳಲ್ಲಿ ಹುಡುಗ ಹುಡುಗಿಯರು ಗುದ್ದಲಿ ಹಿಡಿದು ನೆಲ ಅಗೆದು, ಪಾತಿ ಕಟ್ಟಿ, ಕಾಯಿಪಲ್ಲೆಯ ಬೀಜ ಊರುವರು. ಇದನ್ನು ಕಂಡು ಹರ್ಷಪಡುವವರು ಹಲವರು. ಆದರೆ ಮಣ್ಣಿನ ಕೆಲಸ ತಪ್ಪಲೆಂದೇ ಮಗುವನ್ನು ಸಾಲೆಗೆ ಕಳಿಸಿದೆವು, ಸಾಲೆಯಲ್ಲಿಯೂ ಮಣ್ಣೇ ಏಕೆ, ಎಂದು ಕೇಳುವ ತಾಯಿತಂದೆಗಳೂ ಉಂಟು. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ತಲೆಮಾರುಗಳಿಂದ ಪರರ ಹೊಲದಲ್ಲಿ ಬೆವರು ಸುರಿಸಿದವರ ಪ್ರಶ್ನೆಯಿದು. ಇದಕ್ಕೆ ನೇರವಾದ ಉತ್ತರವು ಸಲ್ಲತಕ್ಕದ್ದು.

ಈ ವಾದವು ಹೊಸದಲ್ಲ. 1937ರ ಅಕ್ಟೋಬರ್ ತಿಂಗಳಲ್ಲಿ ವರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತು, ಕೈಗಸಬಿನ ಸುತ್ತಲೇ ಬಾಲಕರ ವಿದ್ಯೆಯು ಬೆಳೆಯಬೇಕೆಂಬ ಮಹಾತ್ಮಾಜಿಯವರ ತತ್ತ್ವವನ್ನು ಒಪ್ಪಿತು. ಡಾ. ಝಾಕೀರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮದ ರೂಪ ಕೊಟ್ಟಿತು. ನೂಲುವದರೊಡನೆ ಒಕ್ಕಲುತನಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಆದರೆ ಮಕ್ಕಳ ದುಡಿಮೆಯಿಂದ ಕ್ರಮೇಣ ಉಪಾಧ್ಯಾಯರ ಸಂಬಳವೂ ಹುಟ್ಟಬೇಕೆಂಬ ಆಶೆಯು ಅದೇ ಪರಿಷತ್ತಿನ ನಿರ್ಣಯದಲ್ಲಿತ್ತು. ಟೀಕಾಕಾರರು ಅಂಜಿದ್ದು ಇದಕ್ಕೆ. ಆ ಅಂಜಿಕೆಯು ನ್ಯಾಯವಾದದ್ದೆಂದೇ ನಮ್ಮ ಮತ. ಕೈಯಿಂದ ಕಲಿಯುವದು ವಿದ್ಯೆ; ಕೈಯಿಂದ ಗಳಿಸಿ ಶಾಲೆಯನ್ನು ಸಾಕುವದು ಮಗುವಿನ ಹೊರೆ.

ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನು ನಿಷೇಧಿಸಿರುವದು. ಹಾಗಾದರೆ ಕೈದೋಟವು ಎಲ್ಲಿಯವರೆಗೆ ವಿದ್ಯೆ, ಎಲ್ಲಿಂದ ಬಿಟ್ಟಿ? ಮೂರು ಪ್ರಶ್ನೆಗಳಿಂದ ಇದನ್ನು ಒರೆಗೆ ಹಚ್ಚಬಹುದು.

ಮೊದಲನೆಯದು, ಅಗೆಯುವವರು ಯಾರು? ಬಡವರ, ದಲಿತರ ಮಕ್ಕಳ ಕೈಗೆ ಗುದ್ದಲಿ, ಉಳ್ಳವರ ಮಕ್ಕಳ ಕೈಗೆ ಪುಸ್ತಕ. ಹುಡುಗಿಯರಿಗೆ ಕಸಬರಿಗೆ, ಹುಡುಗರಿಗೆ ಆಟದ ಬಯಲು. ಹೀಗಾದಲ್ಲಿ ಆ ತೋಟವನ್ನು ಅಂದೇ ಮುಚ್ಚುವದು ಲೇಸು. ಹಾಜರಿ ಪುಸ್ತಕದ ಸರದಿಯಂತೆಯೇ ಗುದ್ದಲಿಯ ಸರದಿಯೂ ನಡೆಯಲಿ. ಗುರುಗಳೂ ಆ ಸರದಿಯಲ್ಲಿ ನಿಲ್ಲಲಿ.

ಎರಡನೆಯದು, ಅಲ್ಲಿ ಕಲಿತದ್ದೇನು? ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಪಾತಿಯನ್ನು ಅಳೆದ ಮಗುವಿಗೆ ಮೂವತ್ತು ಚದರ ಅಡಿಯೆಂಬುದು ಕಣ್ಣೆದುರಿನ ನೆಲವಾಗುವದು. ಮೆಂತ್ಯವು ನಾಲ್ಕು ವಾರಗಳೊಳಗೆ ಕೊಯ್ಲಿಗೆ ಬರುವದು, ಬೆಂಡೆಗೆ ಏಳು ವಾರಗಳಾದರೂ ಬೇಕು. ಇದನ್ನು ದಿನವಾರು ಬರೆದಿಟ್ಟವನು ಗಣಿತ, ಸೃಷ್ಟಿವಿಜ್ಞಾನ, ಬರವಣಿಗೆ ಮೂರನ್ನೂ ಒಟ್ಟಿಗೆ ಕಲಿತಂತೆ. ಬರೆಯದೆ ಅಳೆಯದೆ ಬರೀ ಅಗೆದರೆ ಅದು ಕೂಲಿ, ಅದಕ್ಕೆ ಶಾಲೆಯೇಕೆ?

ಮೂರನೆಯದೇ ಮುಖ್ಯವಾದದ್ದು: ಬೆಳೆದದ್ದನ್ನು ಉಣ್ಣುವವರು ಯಾರು? ಮೊದಲ ಬದನೆಕಾಯಿ ಅತಿಥಿಗಳ ಚೀಲಕ್ಕೆ, ಎಳೆಯ ಬೆಂಡೆ ಅಧಿಕಾರಿಗಳ ಮನೆಗೆ ಹೋಗತಕ್ಕದ್ದಲ್ಲ. ಬೆಳೆದವರ ತಟ್ಟೆಗೇ ಬೆಳೆಯು ಬೀಳಬೇಕು. ಬಿಸಿಯೂಟದ ನಿಯಮದಂತೆ ಕಿರಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಮಗುವಿಗೆ 75 ಗ್ರಾಂ ಕಾಯಿಪಲ್ಲೆ ಸಲ್ಲಬೇಕು. ನೂರು ಕಿರಿಯ ಮಕ್ಕಳಿಗೆ ದಿನವೊಂದಕ್ಕೆ ಐದು ಕಿಲೋ ಆಯಿತು. ನಾಲ್ಕಾರು ಪಾತಿಗಳಿಂದ ಇದು ದಿನಾಲು ಹುಟ್ಟಲಾರದು. ಆದುದರಿಂದ ತೋಟವಿದೆಯೆಂಬ ನೆವದಿಂದ ಊಟದ ಹಣದಲ್ಲಿ ಒಂದು ಕಾಸನ್ನೂ ಕಡಿತ ಮಾಡಕೂಡದು. ತೋಟದ್ದು ತಟ್ಟೆಗೆ ಹೆಚ್ಚಳವಾಗಿ ಬರಲಿ, ಬದಲಾಗಿ ಅಲ್ಲ.

2019ರಲ್ಲಿ ಕೇಂದ್ರ ಸರಕಾರವು ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿಯನ್ನು ಕೊಟ್ಟಿತು. ಆದರೆ ಸುತ್ತೋಲೆಗಳಿಂದ ಗಿಡ ಬೆಳೆಯದು. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ನೀರಿಲ್ಲದೆ, ಬೇಲಿ ಮುರಿದು, ಆಡುದನಗಳು ನುಗ್ಗಿ ತೋಟಗಳು ಹಾಳಾಗುವವು. ಇಲ್ಲಿ ಊರ ಮಹಾಜನರ ಹೊಣೆಯುಂಟು. ಬೇಲಿಯನ್ನು ಊರು ಕಟ್ಟಲಿ. ಮಕ್ಕಳು ಕೈತೊಳೆದ ನೀರು ಪಾತಿಗೆ ಹರಿಯುವಂತೆ ಕಾಲುವೆ ತೋಡಲಿ. ಬೇಸಿಗೆಯನ್ನು ತಾಳುವ ನುಗ್ಗೆ, ಕರಿಬೇವುಗಳನ್ನು ಅಂಚಿನಲ್ಲಿ ನೆಡಲಿ. ಎಲ್ಲಕ್ಕೂ ಮೊದಲು ಶಾಲೆಯ ನೆಲವು ಒತ್ತುವರಿಯಾಗದಂತೆ ಕಾಯಲಿ.

ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದು ರಾಜ್ಯದಲ್ಲಿ ಕೂಡಿದರು. ನಕಾಶೆ ಒಂದಾಯಿತು, ತಟ್ಟೆ ಒಂದಾಗಲಿಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡೆಲ್ಲಕ್ಕೂ ಹಬ್ಬಿದ್ದು ಏಕೀಕರಣದ ನಿಜವಾದ ಕೆಲಸವೆಂದು ನಾವು ತಿಳಿಯುವೆವು. ರಾಯಚೂರಿನ ಎರೆಮಣ್ಣು ಬೇರೆ, ಕೋಲಾರದ ಕೆಮ್ಮಣ್ಣು ಬೇರೆ, ಕರಾವಳಿಯ ಜಂಬಿಟ್ಟಿಗೆಯ ನೆಲ ಬೇರೆ, ಬೆಳೆಯೂ ಬೇರೆಯಾಗಲಿ. ಆದರೆ ಪಾತಿ ಕಟ್ಟಿದ ಮಕ್ಕಳೆಲ್ಲರೂ ಜಾತಿಯ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ತಾವು ಬೆಳೆದದ್ದನ್ನು ಉಣ್ಣುವ ನಿಯಮವು ಬೀದರದಿಂದ ಚಾಮರಾಜನಗರದವರೆಗೆ ಒಂದೇ ಇರಬೇಕು.

ಆಗ ಆ ತಾಯಿತಂದೆಗಳಿಗೆ ನಾವು ಧೈರ್ಯದಿಂದ ಹೇಳಬಹುದು: ನಿಮ್ಮ ಮಗು ಪರರ ಹೊಲದಲ್ಲಿ ದುಡಿಯುತ್ತಿಲ್ಲ; ತನ್ನ ಶಾಲೆಯ ನೆಲದಲ್ಲಿ ಕಲಿಯುತ್ತಿದೆ. ಹಾಗೆ ಹೇಳಲು ಬಾಯಿ ಬರದ ಶಾಲೆಯು ಗುದ್ದಲಿಯನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.